ಕೇಳಿದ್ದಕ್ಕೆ ಉತ್ತರ: ಅರ್ಜಿಯ ಜೊತೆಗಿನ ಪ್ರಬಂಧವನ್ನು ಬರೆಯುವುದು ಹೇಗೆ?



ಈ ವಾರ್ಷಿಕ ವರದಿಯ ಕೊನೆಯ ಪುಟಗಳಲ್ಲಿ ಮುಂದಿನ ಸಾಲಿನ ವಿದ್ಯಾರ್ಥಿವೇತನದ ಪ್ರಕಟಣೆಯೂ ಅರ್ಜಿ ನಮೂನೆಯೂ ಇವೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಪ್ರತಿ ಇವುಗಳ ಜೊತೆಗೆ ಒಂದು ಚಿಕ್ಕ ಪ್ರಬಂಧವನ್ನೂ ಅದರಲ್ಲಿ ಕೇಳಿದ್ದೇವೆ. ಉಳಿದ ಕಾಗದಪತ್ರಗಳಲ್ಲಿ ಏನಾದರೂ ಕೊರತೆ ಕಂಡರೆ ಫೋನ್ ಮಾಡಿ ತರಿಸಿಕೊಳ್ಳಬಹುದು. ಪ್ರಬಂಧದ ವಿಷಯ ಹಾಗಲ್ಲ. ಅದರಲ್ಲಿ ಬಿಟ್ಟುಹೋದದ್ದನ್ನು ನಾವು ಊಹಿಸಿ ತುಂಬಿಕೊಳ್ಳುವಂತಿಲ್ಲ.

ಒಳ್ಳೆಯ ಅಂಕಗಳೂ ನಿಜವಾದ ಅಗತ್ಯವೂ ಇರುವ ಕೆಲವು ಮಕ್ಕಳು ಪ್ರತಿ ವರ್ಷ ಹಿಂದೆ ಬೀಳುವುದು ಇಲ್ಲಿಯೇ. ಅವರಿಗೆ ಬರೆಯಲು ಬಾರದು ಎಂದಲ್ಲ. ಬಹಳ ಸಲ ಅಕ್ಷರ ಮುದ್ದಾಗಿರುತ್ತದೆ, ಭಾಷೆ ಶುದ್ಧವಾಗಿರುತ್ತದೆ. ಆದರೆ ಕೇಳಿದ್ದು ಒಂದು, ಬರೆದಿರುವುದು ಇನ್ನೊಂದು. ಆಯ್ಕೆ ಸಮಿತಿಯಲ್ಲಿರುವ ನಾವು ಹೆಚ್ಚಿನವರು ನಿವೃತ್ತ ಶಿಕ್ಷಕರು. ಅಂತಹ ಅರ್ಜಿಯನ್ನು ಬದಿಗಿಡುವಾಗ ನಮಗೂ ಬೇಸರವಾಗುತ್ತದೆ. ಆದ್ದರಿಂದ ಈ ಸಲ ವರದಿಯ ಕೆಲವು ಪುಟಗಳನ್ನು ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಅಭ್ಯಾಸ ಎಲ್ಲಿ ತಪ್ಪುತ್ತದೆ?

ಪ್ರಬಂಧ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಹತ್ತನೆಯ ತರಗತಿಯ ಪರೀಕ್ಷೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಭಾಗ ಮಾಡಿ ಬರೆಯಲು ಕಲಿಸಿದವರು ನಾವೇ. 'ಪರಿಸರ ಮಾಲಿನ್ಯ', 'ಗ್ರಂಥಾಲಯಗಳ ಮಹತ್ವ' ಮೊದಲಾದ ವಿಷಯಗಳಿಗೆ ಆ ಕ್ರಮ ಸರಿಯಾಗಿಯೇ ಇದೆ. ಅಲ್ಲಿ ವಿಷಯ ಎಲ್ಲರಿಗೂ ಸೇರಿದ್ದು, ಮತ್ತು ಭಾಷೆಯನ್ನು ಅಳೆಯುವುದೇ ಉದ್ದೇಶ.

ಅರ್ಜಿಯ ಪ್ರಬಂಧದಲ್ಲಿ ವಿಷಯ ನೀವು. ಓದುವವರು ನಿಮ್ಮನ್ನು ನೋಡಿರುವುದಿಲ್ಲ. ನಿಮ್ಮ ಬಗ್ಗೆ ಅಂಕಪಟ್ಟಿ ಹೇಳಲಾರದ ಒಂದೆರಡು ಸಂಗತಿಗಳನ್ನು ತಿಳಿಯಲೆಂದೇ ಅವರು ಪ್ರಶ್ನೆ ಕೊಟ್ಟಿರುತ್ತಾರೆ. ಅದಕ್ಕೆ ವಿದ್ಯೆಯ ಮಹತ್ವದ ಬಗ್ಗೆ ಒಂದು ಪುಟ ಬರೆದು ಕೊಟ್ಟರೆ ಅವರಿಗೆ ಏನೂ ತಿಳಿಯುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಸಿಇಟಿ ಅಥವಾ ನೀಟ್ ಮೂಲಕ ಸೀಟು ಪಡೆಯುವಾಗ ಪ್ರಬಂಧದ ಮಾತೇ ಬರುವುದಿಲ್ಲ; ರ‍್ಯಾಂಕ್ ಇದ್ದರೆ ಸಾಕು. ಹೀಗಾಗಿ ಪಿಯುಸಿ ಮುಗಿಯುವವರೆಗೂ ತನ್ನ ಬಗ್ಗೆ ತಾನೇ ಬರೆಯುವ ಸಂದರ್ಭ ನಮ್ಮ ಮಕ್ಕಳಿಗೆ ಒದಗುವುದೇ ಇಲ್ಲ. ಮೊದಲ ಸಲ ಒದಗುವುದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಇಲ್ಲವೇ ಹೊರದೇಶದ ವಿಶ್ವವಿದ್ಯಾಲಯದ ಅರ್ಜಿಯಲ್ಲಿ. ಅಭ್ಯಾಸವಿಲ್ಲದ ಕೆಲಸವನ್ನು ಕೊನೆಯ ದಿನ ಮಾಡಲು ಹೊರಟರೆ ಕೈ ನಡುಗುವುದು ಸಹಜ.

ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು

ನಮ್ಮ ಅರ್ಜಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ:

"ನೀವು ಸೇರಲಿರುವ ಕೋರ್ಸನ್ನು ಏಕೆ ಆಯ್ದುಕೊಂಡಿರಿ? ನಿಮ್ಮ ಓದಿಗೆ ಎದುರಾದ ಒಂದು ಅಡಚಣೆಯನ್ನು ತಿಳಿಸಿ. ಅದನ್ನು ನಿಭಾಯಿಸಲು ನೀವು ಏನು ಮಾಡಿದಿರಿ? ಕನ್ನಡ ಅಥವಾ ಇಂಗ್ಲಿಷಿನಲ್ಲಿ, 300 ಪದಗಳಿಗೆ ಮೀರದಂತೆ, ನಿಮ್ಮ ಸ್ವಂತ ಮಾತುಗಳಲ್ಲಿ ಬರೆಯಿರಿ."

ಮೊದಲು ಪೆನ್ಸಿಲ್ ಹಿಡಿದು ಈ ಪ್ರಶ್ನೆಯ ಕೆಳಗೆ ಗೆರೆ ಹಾಕಿ. ಇಲ್ಲಿ ಮೂರು ಕೆಲಸಗಳಿವೆ. ಒಂದು, ಕೋರ್ಸಿನ ಆಯ್ಕೆಗೆ ಕಾರಣ. ಎರಡು, ಅಡಚಣೆ, ಅದೂ 'ಒಂದು' ಅಡಚಣೆ. ಮೂರು, ನೀವು ಮಾಡಿದ್ದು. ಭಾಷೆ, ಪದಗಳ ಮಿತಿ ಮತ್ತು ಸ್ವಂತ ಮಾತು ಎಂಬ ಮೂರು ನಿಯಮಗಳೂ ಇವೆ. ಈ ಆರನ್ನು ಒಂದು ಹಾಳೆಯಲ್ಲಿ ಕೆಳಕೆಳಗೆ ಬರೆದುಕೊಂಡು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ನಮ್ಮ ಅನುಭವದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮೂರನೆಯ ಕೆಲಸ. ಅಡಚಣೆಯನ್ನು ಒಂದೂವರೆ ಪುಟ ಬರೆದು, ಕೊನೆಗೆ 'ಆದ್ದರಿಂದ ನನಗೆ ಸಹಾಯ ಮಾಡಬೇಕಾಗಿ ವಿನಂತಿ' ಎಂದು ಮುಗಿಸುತ್ತಾರೆ. ತಾನೇನು ಮಾಡಿದೆ ಎಂಬುದು ಬರುವುದೇ ಇಲ್ಲ. ಅದನ್ನು ಓದಲೆಂದೇ ಸಮಿತಿ ಕಾದಿರುತ್ತದೆ.

ಎರಡು ಮಾದರಿಗಳನ್ನು ನೋಡೋಣ. ಇವೆರಡನ್ನೂ ವಿವರಣೆಗಾಗಿ ನಾವೇ ರಚಿಸಿದ್ದೇವೆ. ಯಾವ ವಿದ್ಯಾರ್ಥಿಯ ಅರ್ಜಿಯಿಂದಲೂ ತೆಗೆದದ್ದಲ್ಲ.

ಮೊದಲನೆಯದು: "ವಿದ್ಯೆಯು ಮಾನವನ ಮೂರನೆಯ ಕಣ್ಣು. ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ವಿದ್ಯೆ ಇಲ್ಲದೆ ಏನನ್ನೂ ಸಾಧಿಸಲಾಗದು. ನಾನು ಬಾಲ್ಯದಿಂದಲೂ ಸಮಾಜ ಸೇವೆಯ ಕನಸು ಕಂಡಿದ್ದೇನೆ. ನಮ್ಮ ಕುಟುಂಬವು ಅನೇಕ ಕಷ್ಟಗಳನ್ನು ಎದುರಿಸಿದೆ."

ಎರಡನೆಯದು: "ಉಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಲ್ಯಾಬಿನಿಂದ ರಿಪೋರ್ಟ್ ತಂದು ಓದಿ ಹೇಳುವುದು ಎಂಟನೆಯ ತರಗತಿಯಿಂದಲೂ ನನ್ನ ಕೆಲಸ. ಆ ಸಂಖ್ಯೆಗಳನ್ನು ಹೇಗೆ ಕಂಡುಹಿಡಿಯುತ್ತಾರೆ ಎಂದು ತಿಳಿಯುವ ಆಸೆಯಿಂದ ಬಿ.ಎಸ್ಸಿ. ಲ್ಯಾಬ್ ಟೆಕ್ನಾಲಜಿ ಆಯ್ದುಕೊಂಡೆ. ಪಿಯುಸಿಯಲ್ಲಿ ನನಗಿದ್ದ ಅಡಚಣೆ ಬಸ್ಸು. ಪ್ರಾಕ್ಟಿಕಲ್ ಮುಗಿಯುವುದು ಐದು ಗಂಟೆಗೆ, ನಮ್ಮೂರಿನ ಕೊನೆಯ ಬಸ್ಸು ನಾಲ್ಕೂವರೆಗೆ. ಪ್ರಾಂಶುಪಾಲರಿಗೆ ಅರ್ಜಿ ಬರೆದು ಬೆಳಗಿನ ಬ್ಯಾಚಿಗೆ ಬದಲಾಯಿಸಿಕೊಂಡೆ. ಅದಕ್ಕಾಗಿ ಆರೂಕಾಲಿನ ಬಸ್ಸು ಹಿಡಿಯುತ್ತಿದ್ದೆ."

ಮೊದಲನೆಯದನ್ನು ಯಾರು ಬೇಕಾದರೂ ಬರೆಯಬಹುದು, ಯಾವ ಪ್ರಶ್ನೆಗೆ ಬೇಕಾದರೂ ಬರೆಯಬಹುದು. ಎರಡನೆಯದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಆದರೆ ಮೂರೂ ಕೆಲಸ ಮುಗಿದಿವೆ, ಅದೂ ಬಹಳ ಕಡಿಮೆ ಪದಗಳಲ್ಲಿ. ಅಡಚಣೆ ದೊಡ್ಡದೇ ಆಗಿರಬೇಕಿಲ್ಲ ಎಂಬುದನ್ನೂ ಗಮನಿಸಿ. ಒಂದು ಬಸ್ಸಿನ ವೇಳೆ ಸಾಕು, ಅದಕ್ಕೆ ನೀವು ಏನು ಮಾಡಿದಿರಿ ಎಂಬುದು ಸ್ಪಷ್ಟವಾಗಿದ್ದರೆ.

ಹೊರದೇಶದ ಅರ್ಜಿಗಳಲ್ಲಿ

ನಮ್ಮ ಕರಾವಳಿಯ ಅನೇಕ ಕುಟುಂಬಗಳು ಗಲ್ಫ್ ದೇಶಗಳಲ್ಲಿವೆ. ಅಲ್ಲಿ ಓದಿದ ಮಕ್ಕಳೂ ಇಲ್ಲಿನ ಕೆಲವು ಮಕ್ಕಳೂ ಬ್ರಿಟನ್, ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಬಗ್ಗೆ ನಮ್ಮನ್ನು ಕೇಳುತ್ತಾರೆ. ಅಲ್ಲಿ ಪ್ರಬಂಧಕ್ಕೆ ಇನ್ನೂ ಹೆಚ್ಚಿನ ತೂಕವಿದೆ, ಮತ್ತು ಒಂದೊಂದು ಕಡೆ ಒಂದೊಂದು ನಿಯಮ.

ಬ್ರಿಟನ್ನಿನಲ್ಲಿ ಪದವಿ ಕೋರ್ಸುಗಳಿಗೆ ಯುಕಾಸ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಹಿಂದೆ ಅಲ್ಲಿ ಒಂದೇ ಉದ್ದನೆಯ ಹೇಳಿಕೆ ಬರೆಯಬೇಕಿತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಮಾಡಿದ್ದಾರೆ: ಈ ವಿಷಯವನ್ನು ಏಕೆ ಓದಬೇಕೆಂದಿದ್ದೀರಿ, ನಿಮ್ಮ ಈವರೆಗಿನ ಓದು ಅದಕ್ಕೆ ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ಶಾಲೆಯ ಹೊರಗೆ ಏನು ಮಾಡಿದ್ದೀರಿ ಮತ್ತು ಅದು ಏಕೆ ಉಪಯುಕ್ತ. ಮೂರೂ ಸೇರಿ 4000 ಅಕ್ಷರ ಮೀರಬಾರದು; ಒಂದೊಂದಕ್ಕೂ ಕನಿಷ್ಠ 350 ಅಕ್ಷರ ಬೇಕು. ಹಳೆಯ ಮಾದರಿಯನ್ನು ನೋಡಿ ಬರೆದವರು ಇಲ್ಲಿ ಎಡವುತ್ತಾರೆ. ಒಂದು ಅರ್ಜಿಯಲ್ಲಿ ಐದು ಕೋರ್ಸುಗಳವರೆಗೆ ಆಯ್ದುಕೊಳ್ಳಬಹುದು, ಆದರೆ ಇದೇ ಬರವಣಿಗೆ ಐದೂ ಕಡೆ ಹೋಗುತ್ತದೆ. ಒಂದು ವಿಶ್ವವಿದ್ಯಾಲಯದ ಹೆಸರು ಹಿಡಿದು ಹೊಗಳಿದರೆ ಉಳಿದ ನಾಲ್ಕೂ ಅದನ್ನು ಓದುತ್ತವೆ ಎಂಬುದು ನೆನಪಿರಲಿ.

ಅಮೆರಿಕದಲ್ಲಿ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿಯಿಂದ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಅರ್ಜಿ ಹಾಕಬಹುದು. ಅದರಲ್ಲಿ ಏಳು ಪ್ರಶ್ನೆಗಳನ್ನು ಕೊಟ್ಟಿರುತ್ತಾರೆ. ಒಂದಕ್ಕೆ ಮಾತ್ರ, 250ಕ್ಕೆ ಕಡಿಮೆಯಾಗದಂತೆ 650 ಪದ ಮೀರದಂತೆ ಬರೆಯಬೇಕು. ಇದಲ್ಲದೆ ಹಲವು ಕಾಲೇಜುಗಳು ತಮ್ಮದೇ ಚಿಕ್ಕ ಪ್ರಶ್ನೆಗಳನ್ನು ಬೇರೆಯಾಗಿ ಕೇಳುತ್ತವೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಈ ಕಾಮನ್ ಆ್ಯಪ್‌ನಲ್ಲಿ ಇಲ್ಲ. ಅದರದು ಸ್ವಂತ ಅರ್ಜಿ. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆಯ್ದು, ಒಂದೊಂದಕ್ಕೂ 350 ಪದ ಮೀರದಂತೆ ಉತ್ತರಿಸಬೇಕು. ಎಂಟಕ್ಕೂ ಸಮಾನ ತೂಕ. ಇದನ್ನು ಆಯ್ದರೆ ಹೆಚ್ಚು ಅಂಕ ಎಂಬುದಿಲ್ಲ. ಅದರ ಒಂದು ಪ್ರಶ್ನೆಯ ಸಾರಾಂಶ ಹೀಗಿದೆ: ನೀವು ಎದುರಿಸಿದ ಅತಿ ದೊಡ್ಡ ಸವಾಲು ಯಾವುದು, ಅದನ್ನು ದಾಟಲು ಯಾವ ಕ್ರಮ ಕೈಗೊಂಡಿರಿ, ಅದು ನಿಮ್ಮ ಓದಿನ ಮೇಲೆ ಯಾವ ಪರಿಣಾಮ ಬೀರಿತು? ನಮ್ಮ ಅರ್ಜಿಯ ಪ್ರಶ್ನೆಯಂತೆಯೇ ಇಲ್ಲಿಯೂ ಮೂರು ಕೆಲಸ. ಇನ್ನೊಂದು ಪ್ರಶ್ನೆಯಲ್ಲಿ, ನಿಮಗೆ ದೊರೆತ ಒಂದು ಶೈಕ್ಷಣಿಕ ಅವಕಾಶವನ್ನು ಬಳಸಿಕೊಂಡ ಬಗೆಯನ್ನು 'ಅಥವಾ' ಒಂದು ಶೈಕ್ಷಣಿಕ ಅಡೆತಡೆಯನ್ನು ದಾಟಲು ಶ್ರಮಿಸಿದ ಬಗೆಯನ್ನು ಕೇಳುತ್ತಾರೆ. ಅಲ್ಲಿ ಎರಡನ್ನೂ ಬರೆಯಹೋಗಿ ಯಾವುದನ್ನೂ ಸರಿಯಾಗಿ ಹೇಳದೆ ಬಿಡಬಾರದು. 'ಮತ್ತು', 'ಅಥವಾ', 'ಒಂದು', 'ವಿವರಿಸಿ', 'ಏಕೆ' ಇವು ಪ್ರಶ್ನೆಯ ಕೀಲಿಗಳು.

ಹೀಗೆ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಅಣ್ಣ ಅಥವಾ ಅಕ್ಕ ಅರ್ಜಿ ಹಾಕಿದ್ದಾಗ ಇದ್ದ ನಿಯಮ ನಿಮಗೆ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ನೀವು ಅರ್ಜಿ ಹಾಕುವ ವರ್ಷದ ಸೂಚನೆಯನ್ನೇ ಓದಿ.

ಪದ, ಅಕ್ಷರ, ಮಿತಿ

300 ಪದ ಎಂದರೆ 300 ಪದ. ಇದು ಹಟವಲ್ಲ, ನ್ಯಾಯ. ಒಬ್ಬಳಿಗೆ 300 ಪದ, ಇನ್ನೊಬ್ಬನಿಗೆ 500 ಪದ ಸಿಕ್ಕಿದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮಲ್ಲಿಗೆ ಕಾಗದದ ಮೇಲೆ ಬರುವ ಪ್ರಬಂಧಗಳಲ್ಲಿ ಮಿತಿ ಮೀರಿದ ಭಾಗವನ್ನು ಓದುವುದಿಲ್ಲ. ಆನ್‌ಲೈನ್ ಅರ್ಜಿಗಳು ಮಿತಿ ಮೀರಿದ ಬರವಣಿಗೆಯನ್ನು ಸಾಮಾನ್ಯವಾಗಿ ಸ್ವೀಕರಿಸುವುದೇ ಇಲ್ಲ.

ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತರುವ ಮಕ್ಕಳು ಒಂದು ವಿಷಯ ಗಮನಿಸಬೇಕು. ಕನ್ನಡದ ಒಂದು ಪದ ಇಂಗ್ಲಿಷಿನಲ್ಲಿ ಎರಡೋ ಮೂರೋ ಪದವಾಗುತ್ತದೆ. 'ಓದಬೇಕಾಗಿತ್ತು' ಎಂಬ ಒಂದೇ ಪದಕ್ಕೆ ಅಲ್ಲಿ 'ಹ್ಯಾಡ್ ಟು ರೀಡ್' ಎಂದು ಮೂರು ಪದ ಬೇಕು. 'ನಮ್ಮೂರಿನಿಂದ' ಎಂಬುದೂ ಅಷ್ಟೆ. ಆದ್ದರಿಂದ ಕನ್ನಡದಲ್ಲಿ 300 ಪದ ತುಂಬಿಸಿ ಅನುವಾದಕ್ಕೆ ಕುಳಿತರೆ ಇಂಗ್ಲಿಷಿನಲ್ಲಿ ಮಿತಿ ದಾಟಿರುತ್ತದೆ. ಕರಡನ್ನು ಮೊದಲೇ ಚಿಕ್ಕದಾಗಿಡಿ.

ಪದಗಳ ಮಿತಿ ಬೇರೆ, ಅಕ್ಷರಗಳ ಮಿತಿ ಬೇರೆ. ಯುಕಾಸ್ ಹೇಳುವ 4000 ಅಕ್ಷರಗಳಲ್ಲಿ ಪದಗಳ ನಡುವಿನ ಖಾಲಿ ಜಾಗವೂ ಸೇರುತ್ತದೆ. 4000 ಪದ ಎಂದು ತಿಳಿದು ಬರೆಯಲು ಕೂರಬೇಡಿ.

ಉದ್ದವಾದಾಗ ಎಲ್ಲಿ ಕಡಿಯಬೇಕು ಎಂದು ಮಕ್ಕಳು ಕೇಳುತ್ತಾರೆ. ಮೊದಲ ಪ್ಯಾರಾದಲ್ಲಿ ಕಡಿಯಿರಿ. ಬಹುಮಟ್ಟಿಗೆ ಪ್ರಬಂಧ ನಿಜವಾಗಿ ಶುರುವಾಗುವುದು ಎರಡನೆಯ ಪ್ಯಾರಾದಿಂದ. ಅರ್ಜಿಯ ಬೇರೆ ಕಾಲಂನಲ್ಲಿ ಈಗಾಗಲೇ ತುಂಬಿರುವ ಹೆಸರು, ಊರು, ಅಂಕಗಳನ್ನು ಮತ್ತೆ ಬರೆಯುವ ಅಗತ್ಯವಿಲ್ಲ.

ಸ್ವಂತ ಮಾತು

ಬರೆದುಕೊಡುವವರಿಗೆ ಈಗ ಬರವಿಲ್ಲ. ಸೈಬರ್ ಸೆಂಟರಿನಲ್ಲಿ ಅರ್ಜಿಯೊಂದಿಗೆ ಪ್ರಬಂಧವನ್ನೂ ಸಿದ್ಧ ಮಾಡಿಕೊಡುವವರಿದ್ದಾರೆ. ಹಣ ತೆಗೆದುಕೊಂಡು ಬರೆದುಕೊಡುವ ಏಜೆಂಟರಿದ್ದಾರೆ. ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಆ್ಯಪ್ ಕ್ಷಣದಲ್ಲಿ ಬರೆದುಕೊಡುತ್ತದೆ.

ಎರವಲು ಮಾತಿನ ಗತಿ ಏನಾಗುತ್ತದೆ ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ಇದೆ. 2007ರ ಪ್ರವೇಶಕ್ಕೆ ಬಂದ ಸುಮಾರು 50,000 ಅರ್ಜಿಗಳ ಹೇಳಿಕೆಗಳನ್ನು ಯುಕಾಸ್ ಪರಿಶೀಲಿಸಿತು. ಎಂಟನೆಯ ವಯಸ್ಸಿನಲ್ಲಿ ತನ್ನ ಪೈಜಾಮಕ್ಕೆ ಬೆಂಕಿಯಿಂದ ತೂತು ಬಿದ್ದ ಘಟನೆಯನ್ನು 234 ಮಂದಿ ಬರೆದಿದ್ದರು. ಅಂತರ್ಜಾಲದ ಒಂದು ಮಾದರಿ ಪ್ರಬಂಧದಲ್ಲಿದ್ದ ಘಟನೆ ಅದು. ಒಬ್ಬನ ಪೈಜಾಮ 234 ಮನೆಗಳಲ್ಲಿ ಸುಟ್ಟಿತು! ಅದನ್ನು ಬರೆದವರಲ್ಲಿ ಎಷ್ಟೋ ಮಂದಿ ಜಾಣರೇ ಇದ್ದಿರಬಹುದು. ಈಗ ಯುಕಾಸ್‌ಗೆ ಬರುವ ಪ್ರತಿ ಹೇಳಿಕೆಯನ್ನೂ ಹಿಂದಿನವುಗಳೊಂದಿಗೆ ಕಂಪ್ಯೂಟರ್ ಹೋಲಿಸಿ ನೋಡುತ್ತದೆ. ಕೃತಕ ಬುದ್ಧಿಮತ್ತೆ ಬರೆದುಕೊಟ್ಟದ್ದನ್ನು ತನ್ನದೆಂದು ಸಲ್ಲಿಸುವುದನ್ನು ಕಾಮನ್ ಆ್ಯಪ್ ತನ್ನ ನಿಯಮಗಳಲ್ಲಿ ವಂಚನೆ ಎಂದೇ ಸೇರಿಸಿದೆ.

ನಮ್ಮ ಸಮಿತಿಗೆ ಅಂತಹ ಯಂತ್ರಗಳ ಅಗತ್ಯವಿಲ್ಲ. ಒಂದೇ ಸೆಂಟರಿನಿಂದ ಬಂದ ನಾಲ್ಕು ಅರ್ಜಿಗಳಲ್ಲಿ ಒಂದೇ ವಾಕ್ಯ ಕಂಡರೆ ತಿಳಿಯುತ್ತದೆ. ಸಂದರ್ಶನಕ್ಕೆ ಕರೆದಾಗ ಪ್ರಬಂಧದಲ್ಲಿರುವ ಒಂದು ಪದದ ಅರ್ಥ ಕೇಳಿದರೂ ತಿಳಿಯುತ್ತದೆ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತನಾಡುವ ಮಕ್ಕಳ ಕನ್ನಡದಲ್ಲಿ ಒಂದೆರಡು ತಪ್ಪುಗಳು ನುಸುಳುವುದು ನಮಗೆ ಗೊತ್ತಿರುವ ಸಂಗತಿ. ಅದಕ್ಕೆ ನಾವು ಅಂಕ ಕಳೆಯುವುದಿಲ್ಲ.

ಕಷ್ಟವನ್ನು ಹೇಳುವ ಬಗೆ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ನೆರವು ಸಿಗಬೇಕಾದರೆ ಓದುವವರ ಕಣ್ಣಲ್ಲಿ ನೀರು ಬರಿಸಬೇಕು ಎಂದು ಕೆಲವರು ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಪ್ರಶ್ನೆ ಏನೇ ಇರಲಿ, ಮನೆಯ ಎಲ್ಲ ದುಃಖವನ್ನೂ ಸುರಿದುಬಿಡುತ್ತಾರೆ. ತಂದೆಯ ಕಾಯಿಲೆ, ಸಾಲ, ಬಾಡಿಗೆ ಮನೆ, ಅಕ್ಕನ ಮದುವೆ ಎಲ್ಲವೂ ಒಂದರ ಮೇಲೊಂದು ಬರುತ್ತವೆ. ಓದುವವರಿಗೆ ಮರುಕ ಬರುತ್ತದೆ, ಆದರೆ ಬರೆದ ಮಗು ಕಾಣಿಸುವುದಿಲ್ಲ.

ನೀವು ಯಾರ ಮುಂದೆಯೂ ಕೈಚಾಚಿ ನಿಂತಿಲ್ಲ. ಈ ನಿಧಿಯಲ್ಲಿ ಅರ್ಹರಿಗೆ ಪಾಲಿದೆ. ಅದನ್ನು ತಲುಪಿಸುವ ಅಮಾನತ್ತು ಮಾತ್ರ ನಮ್ಮದು. ಮನೆಯ ಆದಾಯವನ್ನು ಪ್ರಮಾಣಪತ್ರ ಹೇಳುತ್ತದೆ, ಬೇಕಾದರೆ ನಮ್ಮ ಕಾರ್ಯಕರ್ತರು ಮನೆಗೆ ಬಂದು ವಿಚಾರಿಸುತ್ತಾರೆ. ಪ್ರಬಂಧದಲ್ಲಿ ಅದನ್ನು ಮತ್ತೆ ಸಾಬೀತು ಮಾಡಬೇಕಿಲ್ಲ.

ಪ್ರಶ್ನೆ 'ಒಂದು' ಅಡಚಣೆಯನ್ನು ಮಾತ್ರ ಕೇಳಿದೆ. ಯಾವುದನ್ನು ಹೇಳಬೇಕು, ಯಾವುದನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು ಎಂಬ ಆಯ್ಕೆ ನಿಮ್ಮದೇ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಹೇಳಲು ಮನಸ್ಸಿಲ್ಲದ ಕುಟುಂಬದ ವಿಷಯವನ್ನು ಬರೆಯಲೇಬೇಕೆಂದು ಯಾವ ಸೂಚನೆಯೂ ಹೇಳುವುದಿಲ್ಲ. ಸೂಚನೆಯನ್ನು ಸರಿಯಾಗಿ ಓದಿದವರಿಗೆ ಎಷ್ಟು ಹೇಳಬೇಕು ಎಂಬುದು ತಿಳಿಯುತ್ತದೆ. ಎಷ್ಟು ಹೇಳಬೇಕಿಲ್ಲ ಎಂಬುದೂ ತಿಳಿಯುತ್ತದೆ.

ಆಯ್ದುಕೊಂಡ ಅಡಚಣೆಯನ್ನು ವಿಶೇಷಣಗಳಿಲ್ಲದೆ ಹೇಳಿ. 'ಘೋರ ಬಡತನ' ಎನ್ನುವ ಬದಲು 'ಮನೆಯಲ್ಲಿ ಒಂದೇ ಫೋನ್ ಇದೆ, ಅಬ್ಬಾ ಕೆಲಸದಿಂದ ಬಂದ ಮೇಲೆ ರಾತ್ರಿ ಒಂಬತ್ತರ ನಂತರ ನನ್ನ ಕೈಗೆ ಸಿಗುತ್ತಿತ್ತು' ಎನ್ನಿ. ಓದುವವರು ಉಳಿದದ್ದನ್ನು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಅಡಚಣೆ ಪೂರ್ತಿ ದೂರವಾಗಿರಲೇಬೇಕು ಎಂದೂ ಇಲ್ಲ. ನಿಮ್ಮಿಂದಾದ ಪ್ರಯತ್ನವನ್ನು ಹೇಳಿ, ಫಲ ಸಿಗದಿದ್ದರೆ ಸಿಗಲಿಲ್ಲ ಎಂದೇ ಹೇಳಿ.

ಪೋಷಕರು ಮತ್ತು ಶಿಕ್ಷಕರಿಗೆ

ನೀವು ಓದಿ ನೋಡಬಹುದು, 'ಇದು ನನಗೆ ಅರ್ಥವಾಗಲಿಲ್ಲ' ಎನ್ನಬಹುದು, ಕಾಗುಣಿತ ತಿದ್ದಬಹುದು. ವಾಕ್ಯವನ್ನು ನೀವೇ ಬರೆದುಕೊಡಬೇಡಿ. ನಿಮ್ಮ ಮಾತು ಎಷ್ಟೇ ಚೆನ್ನಾಗಿದ್ದರೂ ಹದಿನೆಂಟರ ಮಗುವಿನ ಬಾಯಲ್ಲಿ ಅದು ಹೊಂದುವುದಿಲ್ಲ. ಪ್ರಶ್ನೆಯನ್ನು ಮುಚ್ಚಿಟ್ಟು ಉತ್ತರವನ್ನಷ್ಟೇ ಓದಿ, ಪ್ರಶ್ನೆ ಏನಿದ್ದಿರಬಹುದು ಎಂದು ಊಹಿಸಿ. ನಿಮ್ಮ ಊಹೆ ಸರಿಯಾದರೆ ಮಗು ಕೇಳಿದ್ದಕ್ಕೆ ಉತ್ತರಿಸಿದೆ ಎಂದರ್ಥ. ತರಗತಿಯಲ್ಲಿ ನಾವು ಬಹಳ ವರ್ಷ ಬಳಸಿದ ಉಪಾಯ ಇದು.

ಕಳುಹಿಸುವ ಮೊದಲು

ಕೊನೆಯದಾಗಿ ಇವಿಷ್ಟನ್ನು ನೋಡಿಕೊಳ್ಳಿ:

1. ಪ್ರಶ್ನೆಯ ಪ್ರತಿ ಭಾಗಕ್ಕೂ ಉತ್ತರ ಇದೆಯೇ? ಗೋಡೆಯ ಮೇಲಿನ ಹಾಳೆಯನ್ನು ನೋಡಿ ಒಂದೊಂದಾಗಿ ಗುರುತು ಹಾಕಿ.

2. ಪದ ಅಥವಾ ಅಕ್ಷರಗಳ ಮಿತಿಯೊಳಗಿದೆಯೇ? ಕನಿಷ್ಠ ಮಿತಿ ಇದ್ದರೆ ಅದನ್ನು ತಲುಪಿದೆಯೇ?

3. ಬೇರೆ ಅರ್ಜಿಗೆ ಬರೆದದ್ದನ್ನು ಬಳಸಿದ್ದರೆ, ಅಲ್ಲಿನ ಸಂಸ್ಥೆಯ ಹೆಸರು ಇಲ್ಲಿ ಉಳಿದುಕೊಂಡಿದೆಯೇ?

4. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿದ್ದರೆ ಯೂನಿಕೋಡ್‌ನಲ್ಲಿದೆಯೇ? ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ್ದನ್ನು ಆನ್‌ಲೈನ್ ಅರ್ಜಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ.

5. ಒಮ್ಮೆ ಗಟ್ಟಿಯಾಗಿ ಓದಿದ್ದೀರಾ? ನಾಲಿಗೆ ತಡವರಿಸುವ ವಾಕ್ಯವನ್ನು ಎರಡಾಗಿ ಒಡೆಯಿರಿ.

6. ಒಂದು ಪ್ರತಿ ನಿಮ್ಮಲ್ಲಿದೆಯೇ? ಸಂದರ್ಶನದ ದಿನ ಅದನ್ನು ಓದಿಕೊಂಡೇ ಬನ್ನಿ.

ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲು ಬರೆದು ಮುಗಿಸಿದರೆ ಇದಕ್ಕೆಲ್ಲ ಸಮಯ ಸಿಗುತ್ತದೆ. ಅರ್ಜಿ ಸ್ವೀಕರಿಸುವ ಅವಧಿಯಲ್ಲಿ ನಮ್ಮ ಕಚೇರಿಗೆ ಕರಡು ತಂದರೆ ಸಮಿತಿಯ ಹೊರಗಿನ ಶಿಕ್ಷಕರೊಬ್ಬರು ಓದಿ ಅಭಿಪ್ರಾಯ ಹೇಳುವ ವ್ಯವಸ್ಥೆ ಮಾಡಿದ್ದೇವೆ. ಇದಕ್ಕೆ ಶುಲ್ಕವಿಲ್ಲ. ನಮ್ಮ ಟ್ರಸ್ಟಿಗಲ್ಲದೆ ಬೇರೆಡೆ ಅರ್ಜಿ ಹಾಕುವ ಮಕ್ಕಳೂ ಬರಬಹುದು. ಯಾವ ಸಮುದಾಯದವರೆಂದು ಅಲ್ಲಿ ಕೇಳುವುದಿಲ್ಲ.

ಕಾಲೇಜಿನಲ್ಲೂ ಕೆಲಸದಲ್ಲೂ ನಿಮ್ಮ ಮುಂದೆ ಸೂಚನೆಗಳಿರುವ ಕಾಗದಗಳು ಬರುತ್ತಲೇ ಇರುತ್ತವೆ. ಕೇಳಿದ್ದನ್ನು ಅರ್ಥ ಮಾಡಿಕೊಂಡು, ಅಷ್ಟನ್ನೇ, ಪ್ರಾಮಾಣಿಕವಾಗಿ ಹೇಳುವ ಗುಣ ಅಲ್ಲೆಲ್ಲ ನಿಮ್ಮ ಕೈ ಹಿಡಿಯುತ್ತದೆ. ನಿಮ್ಮ ಅರ್ಜಿಗಳ ನಿರೀಕ್ಷೆಯಲ್ಲಿದ್ದೇವೆ. ಅಲ್ಲಾಹನು ನಿಮ್ಮ ಶ್ರಮಕ್ಕೆ ತಕ್ಕ ಫಲ ನೀಡಲಿ, ಆಮೀನ್.